ಕೊನೆಯ ಮಾತು: ಸ್ವಲ್ಪ ನಗಿ

ಅಂಗಡಿಯ ಗಾಜಿನೊಳಗೆ ಮಾದರಿಗೆಂದು ಇಡಲು ಚೆಂದದ ಮುಖವೊಂದರ ಚಿತ್ರ ಕೊಂಡರೆ ನಾನೂರು. ಪ್ರಿಂಟರಿಗೆ ಬಣ್ಣದ ಶಾಯಿ ತುಂಬಿಸಿದರೆ ಸಾವಿರದ ಇನ್ನೂರು. ಫೋನಿನ ರೀಚಾರ್ಜಿಗೆ ಮುನ್ನೂರು. ಸ್ಟುಡಿಯೊದವನು ಮೂರನ್ನೂ ಮನಸ್ಸಿನಲ್ಲೇ ಕೂಡಿ, ಮೂರನ್ನೂ ಉಳಿಸಲು ತೀರ್ಮಾನಿಸಿದ. ಮುಖ ತನ್ನದೇ ಇತ್ತು, ಪುಕ್ಕಟೆ. ಕಪ್ಪು ಶಾಯಿ ಇನ್ನೂ ಅರ್ಧ ಉಳಿದಿತ್ತು. ರೀಚಾರ್ಜಿಗೆ ಇವತ್ತೊಂದು ದಿನ ಗಡುವಿತ್ತು, ಅಥವಾ ಇದೆಯೆಂದು ಅವನು ತಿಳಿದಿದ್ದ.

ಹೊಸದಾಗಿ ಬಂದ ಚೌಕಟ್ಟು ಭಾರೀ ಗತ್ತಿನದು. ಕಡುಗಪ್ಪು ಮರ, ನಾಲ್ಕು ಮೂಲೆಗೂ ಬಿಳಿ ಹೂವಿನ ಕೆತ್ತನೆ, ಗುಂಡಿ ಒತ್ತಿದರೆ ಕೆಳಗೆ ಮಿಣುಕುವ ಪುಟ್ಟ ದೀಪ. ಅದರೊಳಗೆ ಅವನ ಕಪ್ಪು-ಬಿಳುಪು ಮುಖ ಕೂತಿತು. ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆ "ಸ್ವಲ್ಪ ನಗಿ" ಎಂದು ಹೇಳಿ ಹೇಳಿ ಬಾಯಿ ಸವೆದಿದ್ದರೂ ತಾನೇ ಕ್ಯಾಮೆರಾ ಮುಂದೆ ನಿಂತಾಗ ನಗುವುದನ್ನು ಮರೆತಿದ್ದ. ಮುಖ ರಜಾದಿನದ ಸರ್ಕಾರಿ ಕಚೇರಿಯಂತಿತ್ತು.

ಅದನ್ನು ಗಾಜಿನೊಳಗೆ ಇಟ್ಟು, ಫೋನಿನಲ್ಲಿ ಒಂದು ಚಿತ್ರ ತೆಗೆದು, ಬೀದಿ ವರ್ತಕರ ಗುಂಪಿಗೆ ಜಾಹೀರಾತು ಕೊಡಲು ಹೊರಟ. ಆ ಗುಂಪಿನಲ್ಲಿ ಯಾರು ಬೇಕಾದರೂ ಬರೆಯುವಂತಿರಲಿಲ್ಲ. ಏನಿದ್ದರೂ ಅಧ್ಯಕ್ಷರಾದ ಔಷಧಿ ಅಂಗಡಿಯವರಿಗೆ ಕಳಿಸಬೇಕು, ಅವರು ಗುಂಪಿಗೆ ಹಾಕಬೇಕು. ಜನ ಬೆಳಗಾದರೆ ಗುಲಾಬಿ ಹೂವು ಕಳಿಸುತ್ತಾರೆಂದು ಅಧ್ಯಕ್ಷರೇ ಮಾಡಿದ ಕಟ್ಟುಪಾಡು ಅದು. ಚಿತ್ರ ಕಳಿಸಿದ, ಕೆಳಗೆ ಎರಡು ಸಾಲು ಬರೆದು ಒತ್ತಿದ. ಸಾಲಿನ ಪಕ್ಕ ಪುಟ್ಟ ಗಡಿಯಾರದ ಗುರುತು ಬಂತು, ಅಲ್ಲೇ ನಿಂತಿತು. ರೀಚಾರ್ಜು ಮುಗಿದಿತ್ತು.

"ಹೋಗ್ಲಿಲ್ಲ, ಬಿಡು" ಎಂದುಕೊಂಡು ಫೋನನ್ನು ಜೇಬಿಗೆ ಹಾಕಿ ಒಳಕೋಣೆಗೆ ಹೋದ. ಅಲ್ಲಿ ರಾಶಿ ಕೆಲಸವಿತ್ತು. ನಾಳೆ ಶಾಲೆಯ ಎಲ್ಲ ತರಗತಿಗಳ ಗುಂಪುಚಿತ್ರ. ವರ್ಷಕ್ಕೊಮ್ಮೆ ಬರುವ ಆ ಒಂದು ಕೆಲಸದಿಂದಲೇ ಅಂಗಡಿಯ ಅರ್ಧ ವರ್ಷದ ಬಾಡಿಗೆ ಹುಟ್ಟುತ್ತಿತ್ತು.

ಚಿತ್ರ ಅಂಟಿಸುವ ರಟ್ಟು ಕತ್ತರಿಸುತ್ತ ಕೂತಿದ್ದವನ ಮುಂದೆ, ಒಂದು ಗಂಟೆ ಕಳೆದ ಮೇಲೆ, ಹೆಂಡತಿ ಬಂದು ನಿಂತಳು. ಅವರ ಮನೆ ಅಂಗಡಿಯ ಮಹಡಿಯ ಮೇಲೇ.

"ರೀ, ಇಲ್ಲೇ ಇದೀರಾ?"

"ಇನ್ನೆಲ್ಲಿರ್ಲಿ?"

"ಮೇಲೆ ಆರು ಜನ ಬಂದು ಕೂತಿದಾರೆ. ನೀವು ತೀರಿಕೊಂಡ್ರಂತೆ."

ಕತ್ತರಿ ರಟ್ಟಿನ ನಡುವೆ ಸಿಕ್ಕಿಕೊಂಡಿತು. "ನೀನೇನಂದೆ?"

"ಕೆಳಗಿದಾರೆ ಅಂದೆ. ಅದಕ್ಕೆ ಆ ಮೂಲೆಮನೆ ಅಜ್ಜಿ ಅಳೋಕೆ ಶುರು ಮಾಡಿದ್ರು. 'ಪಾಪ, ಇನ್ನೂ ಮನಸ್ಸಿಗೆ ಇಳಿದಿಲ್ಲ' ಅಂತ ನನ್ನ ತಲೆ ಸವರಿದ್ರು. ಸದ್ಯಕ್ಕೆ ಕಾಫಿ ಕೊಟ್ಟಿದೀನಿ."

ಅವನು ತನ್ನ ಕೈಯನ್ನೇ ಒಮ್ಮೆ ಹಿಂದೆ ಮುಂದೆ ನೋಡಿಕೊಂಡ. ಅಷ್ಟರಲ್ಲಿ ಪಕ್ಕದ ಬೇಕರಿ ಅಕ್ಕ ಬಾಗಿಲಲ್ಲಿ ಬಂದು, ಅವನನ್ನು ಕಂಡು, ಗಿರಾಕಿಗಳ ಸ್ಟೂಲಿನ ಮೇಲೆ ಧೊಪ್ಪನೆ ಕೂತಳು.

"ಏನಣ್ಣ ನೀನು," ಎಂದಳು, ಉಸಿರು ತಿರುಗಿದ ಮೇಲೆ. "ಮುಂಚೇನೇ ಹೇಳ್ಬಾರ್ದಾ?"

"ಏನನ್ನಕ್ಕ ಹೇಳ್ಲಿ? ಬೆಳಗ್ಗೆ ಎದ್ದು ಬದುಕಿದೀನಿ ಅಂತ ಬೀದೀಲಿ ಕೂಗ್ಕೊಂಡು ಹೋಗ್ಲಾ?"

ಅವಳು ಫೋನು ತೆಗೆದು ತೋರಿಸಿದಳು. ಅವನದೇ ಚಿತ್ರ, ಅದೇ ಚೌಕಟ್ಟು, ದೀಪ ಸಮೇತ. ಕೆಳಗೆ: 'ನಮ್ಮ ಬೀದಿಯ ನೆಚ್ಚಿನ ಫೋಟೊದವರು ಇಂದು ಮುಂಜಾನೆ ಹೃದಯಾಘಾತದಿಂದ ನಿಧನರಾದರು. ಅವರ ಕೊನೆಯ ಮಾತು: ಸ್ವಲ್ಪ ನಗಿ.'

"ಈ ಕೊನೇ ಮಾತು ಯಾರು ಕೇಳಿಸ್ಕೊಂಡ್ರಂತೆ?"

ಬೇಕರಿ ಅಕ್ಕ ಸೆರಗಿನ ತುದಿಯಲ್ಲಿ ಬೆರಳೊರೆಸಿಕೊಂಡಳು. "ಅದು ನಾನೇ ಸೇರ್ಸಿದ್ದು. ಬರೀ ಹೃದಯಾಘಾತ ಅಂದ್ರೆ ಬೋಳುಬೋಳಾಗಿತ್ತಣ್ಣ. ನಿನ್ನ ಮೇಲಿನ ಗೌರವಕ್ಕೆ ಹಾಕ್ದೆ. ತುಂಬಾ ಜನ ಅತ್ತಿದಾರೆ."

"ಯಾರ್ಯಾರಿಗೆ ಕಳಿಸ್ದೆ?"

"ಹೆಚ್ಚು ಜನಕ್ಕಿಲ್ಲ. ನೆಂಟರು, ಗಿರಾಕಿಗಳು, ಹಾಲಿನವನು, ಆಮೇಲೆ ಶಾಲೆ ದೊಡ್ಡ ಮೇಡಂ."

ಸ್ಟುಡಿಯೊದವನು ಚಪ್ಪಲಿ ಅದಲುಬದಲಾಗಿದ್ದನ್ನೂ ನೋಡದೆ ಓಡಿದ.

ಶಾಲೆಯ ಅಂಗಳದಲ್ಲಿ ಮಕ್ಕಳೆಲ್ಲ ಸಾಲಾಗಿ ತಲೆ ತಗ್ಗಿಸಿ ನಿಂತಿದ್ದರು. ಎಷ್ಟೊಂದು ನಿಶ್ಶಬ್ದವೆಂದರೆ ಅವನ ಎಡಬಲ ತಪ್ಪಿದ ಚಪ್ಪಲಿಯ ಸದ್ದು ಗೋಡೆಗೆ ಬಡಿದು ವಾಪಸು ಬಂತು. ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ತಲೆ ಎತ್ತಿ, "ಮೇಡಂ, ಸತ್ತೋದ ಅಂಕಲ್ ಬಂದ್ರು" ಎಂದಳು.

ಮುಖ್ಯೋಪಾಧ್ಯಾಯಿನಿ ಅವನನ್ನು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಅವನು ಬದುಕಿದ್ದಕ್ಕೆ ಅವರಿಗೆ ಸಂತೋಷವೇನೋ ಆಗಿತ್ತು. ಆದರೆ ಅದು ತೋರಿಸಿಕೊಳ್ಳುವಷ್ಟಿರಲಿಲ್ಲ.

"ನೋಡಿ, ಈ ಮಕ್ಕಳು ಎರಡು ನಿಮಿಷ ಸುಮ್ನೆ ನಿಂತಿದ್ದು ನನ್ನ ಸರ್ವೀಸಲ್ಲೇ ಮೊದಲು. ಈಗ ಹೋಗಿ, ಸುಳ್ಳು ಸುದ್ದಿಗೆ ನಿಂತಿದ್ರಿ ಅಂತ ಹೇಳ್ಲಾ? ಇನ್ನು ಜನ್ಮದಲ್ಲಿ ನಿಲ್ತಾರಾ?"

"ತಪ್ಪು ನಂದಲ್ಲ ಮೇಡಂ. ನಾಳೆ ಫೋಟೊ..."

"ಅದನ್ನ ಆಗ್ಲೇ ಮಾರ್ಕೆಟ್ ಹತ್ರದ ಸ್ಟುಡಿಯೊಗೆ ಹೇಳ್ಬಿಟ್ಟೆ. ಸತ್ತವರನ್ನ ಕಾಯ್ಕೊಂಡು ಕೂರೋಕಾಗುತ್ತಾ?" ಆಮೇಲೆ ಅವನ ಮುಖ ನೋಡಿ ಕೊಂಚ ಮೆತ್ತಗಾದರು. "ಒಂದು ಕೆಲಸ ಮಾಡಿ. ಸಂಜೆ ಒಳಗೆ ಈ ಸುದ್ದಿ ಹುಟ್ಟಿಸಿದ್ದು ಯಾರು ಅಂತ ಹಿಡಿದು ನನ್ನ ಮುಂದೆ ನಿಲ್ಸಿ. ಕೆಲಸ ನಿಮಗೇ ವಾಪಸ್ ಕೊಡ್ತೀನಿ."

ಯಾರೆಂದು ಅವನಿಗೆ ಆಗಲೇ ಹೊಳೆದಿತ್ತು. ಆ ಮಾರ್ಕೆಟಿನ ಸ್ಟುಡಿಯೊದವನು ಬೆಳಗ್ಗೆ ಸ್ಕೂಟರಿನಲ್ಲಿ ಅಂಗಡಿ ಮುಂದೆ ನಿಧಾನವಾಗಿ ಹೋಗಿದ್ದ. ಗಾಜಿನ ಹೊರಗಿನಿಂದ ಚಿತ್ರ ತೆಗೆದಿರಬೇಕು. ಇನ್ನು ಎಳೆ ಹಿಡಿದು ಹೋಗುವುದಷ್ಟೇ ಬಾಕಿ.

ಬೇಕರಿ ಅಕ್ಕನಿಗೆ ಅದು ಬಂದದ್ದು ಟೇಲರ್ ಮಾವನಿಂದ. ಅವಳು ಅಂಗಡಿಗೆ ಬಾಗಿಲೆಳೆದು ತಾನೂ ಹೊರಟಳು. ಇಂಥ ದಿನ ಬ್ರೆಡ್ಡು ಮಾರುತ್ತ ಕೂರುವುದು ಅವಳಿಂದಾಗದ ಮಾತು.

ಟೇಲರ್ ಮಾವ ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡು, ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. ಅವರು ಗ್ರಂಥಾಲಯದಲ್ಲಿ ಅರ್ಧ ದಿನ ಕೂತು, ಸುಳ್ಳು ಸುದ್ದಿ ಪತ್ತೆಹಚ್ಚುವುದು ಹೇಗೆಂಬ ತರಬೇತಿ ಪಡೆದು ಬಂದವರು. ಅಂದಿನಿಂದ ಹವಾಮಾನದ ಸುದ್ದಿಯನ್ನೂ ಕಿಟಕಿ ತೆರೆದು ನೋಡದೆ ನಂಬುತ್ತಿರಲಿಲ್ಲ.

"ಬದುಕಿದೀಯಾ?" ಎಂದರು.

"ಹೂಂ ಮಾವ."

"ನೀನು ಹೇಳಿದ್ರೆ ಆಗಲ್ಲಪ್ಪ. ನೀನು ಇದರಲ್ಲಿ ಸಂಬಂಧಪಟ್ಟವನು. ಬೇರೆ ಯಾರಾದ್ರೂ ಹೇಳ್ಬೇಕು."

"ನಿಮ್ಮೆದುರಿಗೆ ನಿಂತಿದೀನಲ್ಲ ಮಾವ. ಬೇಕಾದ್ರೆ ಒಂದು ಫೋಟೊ ತೆಗೆದು ಎಲ್ಲರಿಗೂ ಕಳ್ಸಿ."

"ನಿನ್ನ ಫೋಟೊನಾ?" ಮಾವ ಕತ್ತರಿ ಕೆಳಗಿಟ್ಟರು. "ನನ್ನ ಮಗಳ ಮದುವೆ ಫೋಟೋಲಿ ತೀರಿಹೋದ ನಮ್ಮಣ್ಣನ್ನ ತಂದು ನಿಲ್ಸಿದವನು ನೀನು. ಹೆಗಲ ಮೇಲೆ ಕೈ ಬೇರೆ ಹಾಕ್ಸಿದೆ. ಇವತ್ತಿಗೂ ನೆಂಟರು 'ಅಣ್ಣ ಯಾವಾಗ ಬಂದಿದ್ರು' ಅಂತ ಕೇಳ್ತಾರೆ. ಈ ಊರಲ್ಲಿ ನಿನ್ನ ಫೋಟೊ ನಂಬೋರು ಯಾರು?"

ಅದು ಸುಳ್ಳಲ್ಲ. ಆ ಕೆಲಸಕ್ಕೆ ಅವನು ಎಂಟುನೂರು ತೆಗೆದುಕೊಂಡು, ಕೆಲಸ ಚೆನ್ನಾಗಿ ಬಂತೆಂದು ಹೆಮ್ಮೆಯನ್ನೂ ಪಟ್ಟಿದ್ದ.

"ಅದಿರ್ಲಿ ಮಾವ. ಇಷ್ಟೆಲ್ಲ ಪರೀಕ್ಷೆ ಮಾಡೋರು, ನಾನು ಸತ್ತಿದ್ದು ಹೆಂಗೆ ನಂಬಿದ್ರಿ?"

"ಸುಮ್ನೆ ನಂಬಿದ್ನಾ? ಮೂರು ಕಡೆಯಿಂದ ಬಂತು. ವರ್ತಕರ ಗುಂಪು, ನಮ್ಮ ಕಟ್ಟಡದ ಗುಂಪು, ಬೆಳಗ್ಗೆ ನಡೆಯೋರ ಗುಂಪು. ನಿನಗೆ ಫೋನೂ ಮಾಡ್ದೆ. ಸಂಪರ್ಕದಲ್ಲಿಲ್ಲ ಅಂತು. ಇನ್ನೇನು ಬೇಕು?"

"ಮೂರು ಗುಂಪಿಗೂ ಹಾಕಿದ್ದು ಯಾರು?"

ಮಾವ ಫೋನು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಮೂರಕ್ಕೂ ಔಷಧಿ ಅಂಗಡಿಯವರೇ ಅಧ್ಯಕ್ಷರು. ಮೂರರಲ್ಲೂ ಹಾಕಿದವರು ಅವರೇ.

"ಇದನ್ನ ತರಬೇತೀಲಿ ಹೇಳಿಕೊಡ್ಲಿಲ್ಲ," ಎಂದರು ಮಾವ. "ಮಧ್ಯಾಹ್ನದ ಮೇಲೆ ಹೇಳಿದ್ರೋ ಏನೋ, ನಾನು ಎದ್ದು ಬಂದೆ."

"ಮತ್ತೆ ಈ ಹೃದಯಾಘಾತ?"

"ಅದು ನಾನು ಊಹಿಸಿದ್ದು. ನಿನ್ನ ಸೊಂಟದ ಅಳತೆ ನನಗೆ ಗೊತ್ತಿಲ್ವಾ?"

ಈಗ ಮೂವರೂ ಔಷಧಿ ಅಂಗಡಿಗೆ ನಡೆದರು. ದಾರಿಯಲ್ಲಿ ಇಬ್ಬರು ಅವನನ್ನೇ ನಿಲ್ಲಿಸಿ, ಅವನ ಅಂತ್ಯಕ್ರಿಯೆ ಎಷ್ಟು ಹೊತ್ತಿಗೆಂದು ಕೇಳಿದರು. ಅವನು "ವಿಚಾರಿಸಿ ಹೇಳ್ತೀನಿ" ಎಂದುಬಿಟ್ಟ. ಬೇಕರಿ ಅಕ್ಕ, ಅವನ ರೀಚಾರ್ಜು ಮುಗಿದಿದೆಯೆಂದು ಕೇಳಿ, ಸತ್ತವನ ಫೋನೂ ಸತ್ತಿರಬಾರದೆಂದು ನಡೆಯುತ್ತ ನಡೆಯುತ್ತಲೇ ತನ್ನ ಖಾತೆಯಿಂದ ಅವನಿಗೆ ರೀಚಾರ್ಜು ಮಾಡಿಸಿದಳು.

ಔಷಧಿ ಅಂಗಡಿಯಲ್ಲಿ ಮುಖ್ಯೋಪಾಧ್ಯಾಯಿನಿಯೇ ನಿಂತಿದ್ದರು, ತಲೆನೋವಿನ ಮಾತ್ರೆಗೆಂದು. ಒಳ್ಳೆಯದೇ ಆಯಿತೆಂದುಕೊಂಡ ಸ್ಟುಡಿಯೊದವನು ಎದೆ ಸೆಟೆಸಿ ಕೇಳಿದ: "ಅಧ್ಯಕ್ಷರೇ, ಮೇಡಂ ಎದುರಿಗೇ ಹೇಳ್ಬಿಡಿ. ನಾನು ಸತ್ತೆ ಅಂತ ನಿಮಗೆ ಹೇಳಿದ್ದು ಯಾರು?"

ಔಷಧಿ ಅಂಗಡಿಯವರು ಗಟ್ಟಿ ಮನುಷ್ಯರು. ಕೊಂಚವೂ ಬೆದರಲಿಲ್ಲ. "ಅದು ಅತ್ಯಂತ ಖಚಿತ ಮೂಲದಿಂದ ಬಂದ ಸುದ್ದಿ," ಎಂದರು.

"ಯಾರದು? ಆ ಮಾರ್ಕೆಟಿನವನೇ ತಾನೆ?"

"ನೀನೇ."

ಅವರು ಫೋನನ್ನು ತಿರುಗಿಸಿ ಹಿಡಿದರು. ಬೆಳಗ್ಗೆ ಒಂಬತ್ತರ ಹೊತ್ತಿಗೆ, ಅವನದೇ ನಂಬರಿನಿಂದ, ಚಿತ್ರ. ಬರೀ ಚಿತ್ರ.

"ಒಂದಕ್ಷರ ಇರ್ಲಿಲ್ಲ ನೋಡು. ನಿನ್ನ ಹೆಂಡ್ತಿ ದುಃಖದಲ್ಲಿ ಬರೆಯೋಕಾಗದೆ ಬರೀ ಫೋಟೊ ಕಳ್ಸಿದಾರೆ ಅಂದ್ಕೊಂಡೆ. ಪಾಪ, ಉಳಿದಿದ್ದನ್ನ ನಾನೇ ಬರ್ದೆ. ಬೇರೆಯವರ ಫೋನಿಂದ ಬಂದಿದ್ರೆ ನಾನು ನಂಬ್ತಾನೇ ಇರ್ಲಿಲ್ಲ."

"ಫೋಟೊನೂ ಹೋಗ್ಲಿಲ್ಲ ಅಂದ್ಕೊಂಡಿದ್ದೆ," ಎಂದ ಸ್ಟುಡಿಯೊದವನು. "ಅದು ಜಾಹೀರಾತು ಮೇಡಂ. ಕೆಳಗೆ ಬರ್ದಿದ್ದೆ, ಅದು..."

ಜೇಬಿನಲ್ಲಿ ಫೋನು ಗುರ್ರೆಂದಿತು. ಬೇಕರಿ ಅಕ್ಕನ ರೀಚಾರ್ಜು ಬಂದು ಸೇರಿತ್ತು. ಮರುಕ್ಷಣ ಅಧ್ಯಕ್ಷರ ಫೋನು ಟಿಂಗೆಂದಿತು. ಓದುವ ಮೊದಲು ಮೂರೂ ಗುಂಪಿಗೆ ಕಳಿಸುವುದು ಅಧ್ಯಕ್ಷರ ಅಭ್ಯಾಸ. ಹೆಬ್ಬೆರಳು ತನ್ನ ಕೆಲಸ ತಾನು ಮಾಡಿತು. ಟೇಲರ್ ಮಾವನ ಫೋನು ಮೂರು ಸಲ ಟಿಂಗೆಂದಿತು. ಮಾವ ಬೇಕರಿ ಅಕ್ಕನಿಗೆ ದಾಟಿಸಿದರು. ಅಕ್ಕ, ಪಕ್ಕದಲ್ಲೇ ನಿಂತಿದ್ದ ಮೇಡಂಗೆ ದಾಟಿಸಿದಳು. ಮೇಡಂ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು:

'ಇದೇ ರೀತಿ ನಿಮ್ಮ ಮನೆಯವರದೂ ಆಗಬೇಕೆ? ಇಂದೇ ಬನ್ನಿ. ಇಬ್ಬರದು ಮಾಡಿಸಿದರೆ ಮೂರನೆಯವರದು ಉಚಿತ.'

ಅಧ್ಯಕ್ಷರು ಈಗ ತಮ್ಮ ಫೋನಿನಲ್ಲೂ ಅದನ್ನು ಮೊದಲ ಸಲ ಓದಿ ನೋಡಿದರು.

"ನೀವು ಮಾತು ಉಳಿಸ್ಕೊಂಡ್ರಿ," ಎಂದರು ಮೇಡಂ, ಮಾತ್ರೆಯ ಪಟ್ಟಿಯನ್ನು ಚೀಲಕ್ಕೆ ಹಾಕುತ್ತ. "ಸುದ್ದಿ ಹುಟ್ಟಿಸಿದವರನ್ನ ನನ್ನ ಮುಂದೆ ತಂದು ನಿಲ್ಸಿದ್ರಿ. ವ್ಯಾಪಾರಕ್ಕೋಸ್ಕರ ಸಾಯೋರನ್ನ ನಾನು ನೋಡೇ ಇರ್ಲಿಲ್ಲ. ಇಂಥವರ ಮುಂದೆ ನನ್ನ ಮಕ್ಕಳನ್ನ ಹೆಂಗೆ ನಿಲ್ಲಿಸ್ಲಿ?"

ಸಂಜೆ ಅಧ್ಯಕ್ಷರು ಮೂರೂ ಗುಂಪಿಗೆ 'ಫೋಟೊದವರು ಬದುಕಿದ್ದಾರೆ' ಎಂದು ಹಾಕಿದರು. ಅದರಲ್ಲಿ ಚಿತ್ರವಿರಲಿಲ್ಲ, ಕೊನೆಯ ಮಾತಿರಲಿಲ್ಲ. ಯಾರೂ ಯಾರಿಗೂ ಕಳಿಸಲಿಲ್ಲ. ಮಹಡಿಯ ಮೆಟ್ಟಿಲ ಮೇಲೆ ಕತ್ತಲಾಗುವವರೆಗೂ ಹೊಸ ಹೊಸ ಚಪ್ಪಲಿ ಬಂದು ಬೀಳುತ್ತಲೇ ಇತ್ತು. ಅವನೇ ಬಾಗಿಲು ತೆರೆದು, ಅವನೇ ಕುರ್ಚಿ ಹಾಕಿದ. ಬಂದವರಲ್ಲಿ ಕೆಲವರು ಅವನನ್ನು ತೀರಿಹೋದವನ ತಮ್ಮನೆಂದು ತಿಳಿದು, ಧೈರ್ಯ ಹೇಳಿ ಹೋದರು.

ಮಲಗುವ ಮುನ್ನ ಹೆಂಡತಿ ಕೇಳಿದಳು, "ಕೊನೆಗೆ ಏನುಳೀತು?"

ಮುಖದ ನಾನೂರು ಉಳಿಯಿತು, ಶಾಯಿಯ ಸಾವಿರದ ಇನ್ನೂರು ಉಳಿಯಿತು. ರೀಚಾರ್ಜಿನ ಮುನ್ನೂರನ್ನು ಬೇಕರಿ ಅಕ್ಕ ಮರುದಿನ ಕೇಳಿ ಪಡೆದಳು. ಶಾಲೆಯ ಕೆಲಸ ಹೋಯಿತು, ಅರ್ಧ ವರ್ಷದ ಬಾಡಿಗೆ ಹೋಯಿತು, ಡಬ್ಬಿಯ ಕಾಫಿಪುಡಿ ಹೋಯಿತು. ಚೌಕಟ್ಟು ಮಾರಾಟವಾಗಲಿಲ್ಲ.