ಮೂರು ಬೆರಳಿನ ಸಸಿಗಳು

ಬೆಳಗ್ಗೆ ಆರು ಗಂಟೆ. ಕಿಟಕಿಯ ಬಳಿ ಟ್ರೇಯಲ್ಲಿದ್ದ ಈರುಳ್ಳಿ ಸಸಿಗಳನ್ನು ಯಾರೋ ಮತ್ತೆ ಕತ್ತರಿಸಿದ್ದರು.

ಇದು ಮೂರನೇ ಸಲ. ಬಾಗಿಲ ಚಿಲಕ ಒಳಗಿನಿಂದ ಹಾಕಿದ್ದು ಹಾಕಿದಂತೆಯೇ ಇತ್ತು. ಮನೆಯಲ್ಲಿದ್ದವರು ಇಬ್ಬರೇ: ಎಲ್ಲರೂ 'ಸೆಕೆಂಡು' ಎಂದು ಕರೆಯುವ ಗಡಿಯಾರ ರಿಪೇರಿಯವನು, ಈರುಳ್ಳಿ ಕಂಡರೆ ಸೀನುವ ಅವನ ಹೆಂಡತಿ. ಸೆಕೆಂಡು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅಳೆದ. ಅರವತ್ತು ಸಸಿಗಳೂ ಸರಿಯಾಗಿ ಮೂರು ಬೆರಳೆತ್ತರ, ಆಗಷ್ಟೇ ಕ್ರಾಪು ಹೊಡೆಸಿಕೊಂಡ ಪೊಲೀಸರ ಸಾಲಿನಂತೆ.

ಅಂದು ಸಂಜೆ ಐದಕ್ಕೆ ನಿವಾಸಿಗಳ ಸಂಘದ ಸಭೆ. ಕಟ್ಟಡದ ಹಿಂದೆ ತೋಟಕ್ಕೆಂದು ಬಿಟ್ಟಿದ್ದ ಮಣ್ಣಿನ ಪಟ್ಟಿ, ಸಸಿ ತಯಾರಿದ್ದವರಿಗೆ ಸಿಗಲಿತ್ತು. ಇಪ್ಪತ್ತು ವರ್ಷ ಸಾಸಿವೆಗಿಂತ ಸಣ್ಣ ತಿರುಪುಗಳನ್ನೇ ಹುಡುಕಿದ ಸೆಕೆಂಡಿಗೆ, ಮುಷ್ಟಿಗಾತ್ರದ್ದೇನಾದರೂ ಬೆಳೆಯಬೇಕೆಂಬ ಆಸೆ. ಅರ್ಜಿ ಹಾಕಿದ್ದ ಇನ್ನೊಬ್ಬರು ಕೆಳಗಿನ ಔಷಧಿ ಅಂಗಡಿಯವರು. ಅವರ ಎರಡು ವರ್ಷ ಹಳೆಯ ಬೀಜ ಒಂದೂ ಮೊಳೆತಿರಲಿಲ್ಲ.

ಎಂಟಕ್ಕೆ ಅವರೇ ಮೇಲೆ ಬಂದು ಟ್ರೇ ನೋಡಿದರು.

"ನಿಮಗಿಂತ ಮುಂಚೆ ಇಲ್ಲಿದ್ದ ಅಜ್ಜಿ ಹೀಗೇ ಕತ್ತರಿಸ್ತಿದ್ರು, ಬುಡ ದಪ್ಪ ಆಗ್ಲಿ ಅಂತ."

"ಅವರು ತೀರಿಕೊಂಡು ನಾಲ್ಕು ತಿಂಗಳಾಯ್ತಲ್ಲ, ಸಾರ್."

"ನಾನೂ ಅದನ್ನೇ ಯೋಚಿಸ್ತಿದ್ದೀನಿ. ಯಾವ ತಳಿ ಹಾಕಿದ್ರಿ?"

"ಚಳಿದೇಶದ್ದು. ಪ್ಯಾಕೆಟ್ ಮೇಲೆ ಗಡ್ಡೆ ತೆಂಗಿನಕಾಯಿಯಷ್ಟಿತ್ತು."

"ಕೆಟ್ಟಿತು. ಅದಕ್ಕೆ ಹದಿನಾಲ್ಕು ಗಂಟೆ ಹಗಲು ಬೇಕು. ನಮ್ಮಲ್ಲಿ ಹದಿಮೂರೂ ದಾಟಲ್ಲ. ಎಲೆ ಬರುತ್ತೆ, ಗಡ್ಡೆ ಬರಲ್ಲ. ಅಜ್ಜಿ ಕಡಿಮೆ ಹಗಲಿನ ತಳಿ ಬಿಟ್ಟು ಬೇರೆ ಮುಟ್ತಿರಲಿಲ್ಲ."

"ಅವರ ಬೀಜದ ಪೊಟ್ಟಣ ಡ್ರಾಯರ್‌ನಲ್ಲಿದೆ. ನಾನು ಬಿಚ್ಚೇ ಇಲ್ಲ."

"ಅದಕ್ಕೇ ಸಿಟ್ಟು ಬಂದಿರ್ಬೇಕು ಅವರಿಗೆ," ಎಂದು ತಣ್ಣಗೆ ಹೇಳಿ ಅವರು ಇಳಿದು ಹೋದರು.

ಮಧ್ಯಾಹ್ನ ಊಟಕ್ಕೆ ಬಂದ ಸೆಕೆಂಡು, ಗೋಡೆಯ ಮೊಳೆಯಲ್ಲಿ ಅಜ್ಜಿ ಬಿಟ್ಟುಹೋಗಿದ್ದ ಕತ್ತರಿಯನ್ನು ಮುಟ್ಟಿದ. ಒದ್ದೆಯಾಗಿತ್ತು. ತಟ್ಟೆಗೆ ಕೈ ಹಾಕದೆ ಟ್ರೇಯನ್ನು ಬಾಗಿಲ ಬಳಿ ಎತ್ತಿಟ್ಟ.

ಸಭೆಯಲ್ಲಿ ಒಂದೇ ಉಸಿರಿಗೆ, "ತಳಿ ತಪ್ಪಾಗಿದೆ, ಪಟ್ಟಿ ನನಗೆ ಬೇಡ," ಎಂದ. ಟ್ರೇಯನ್ನು ಔಷಧಿ ಅಂಗಡಿಯವರ ಕೈಗೇ ಕೊಟ್ಟ. ಪಟ್ಟಿ ಅವರಿಗೆಂದು ಅಧ್ಯಕ್ಷರು ಪುಸ್ತಕದಲ್ಲಿ ಬರೆದುಕೊಂಡರು.

ಆರಕ್ಕೆ ಹೆಂಡತಿ ದಾರ ಹುಡುಕುತ್ತಾ ಡ್ರಾಯರ್ ಎಳೆದಳು. "ಇದೇನ್ರೀ, ನಿಮ್ಮ ತೆಂಗಿನಕಾಯಿ ಪ್ಯಾಕೆಟ್ ಒಡೆದೇ ಇಲ್ಲ?"

ಅವನೇ ಮೂಲೆ ಕತ್ತರಿಸಿ ಬಿತ್ತಿದ್ದ ಪ್ಯಾಕೆಟ್ಟು. ಅಂಟು ಬಿಟ್ಟಿರಲಿಲ್ಲ, ಒಳಗೆ ಬೀಜ ಗಲಗಲ ಎನ್ನುತ್ತಿತ್ತು. ಪಕ್ಕದಲ್ಲಿ ಅಜ್ಜಿಯ ಪೊಟ್ಟಣ, ಖಾಲಿ. ತಾನು ಬಿಟ್ಟುಕೊಟ್ಟ ಟ್ರೇಯಲ್ಲಿದ್ದದ್ದು ಅಜ್ಜಿಯದೇ ತಳಿ.

ಸೆಕೆಂಡು ಮೂರು ಮೂರು ಮೆಟ್ಟಿಲು ಒಟ್ಟಿಗೆ ಹಾರಿ ಕೆಳಗಿಳಿದ. ಹಿಂದಿನ ಪಟ್ಟಿಯಲ್ಲಿ ಔಷಧಿ ಅಂಗಡಿಯವರು ಅರವತ್ತನೇ ಸಸಿಯ ಬುಡಕ್ಕೆ ಮಣ್ಣು ಒತ್ತುತ್ತಿದ್ದರು.

"ಎಸೆಯೋಕೆ ಮನಸ್ಸು ಬರಲಿಲ್ಲ. ವಾಪಸ್ ಕೇಳ್ಬೇಡಿ ಮಾರಾಯ್ರೆ, ಪುಸ್ತಕದಲ್ಲಿ ಬರೆದಾಗಿದೆ."

ಮರುದಿನ ಬೆಳಗ್ಗೆ ಆರಕ್ಕೆ ಗೋಡೆಯ ಮೊಳೆಯಲ್ಲಿ ಕತ್ತರಿ ಇರಲಿಲ್ಲ. ಅದು ಹಿಂದಿನ ಪಟ್ಟಿಯಲ್ಲಿ, ಪಾತಿಯ ಪಕ್ಕ ಸಿಕ್ಕಿತು. ಸಸಿಗಳಿಗೆ ಆಗಲೇ ನೀರು ಹಾಕಲಾಗಿತ್ತು. ಔಷಧಿ ಅಂಗಡಿಯವರು ಇನ್ನೂ ಎದ್ದಿರಲಿಲ್ಲ.