ಶುಭಂ ಬರದ ಸಿನಿಮಾ

ಆಣೆ ಮಾಡ್ತೀನಿ, ಈ ಸಲ ಒಂದು ಮಾತೂ ಸುಳ್ಳಿಲ್ಲ. ಪಕ್ಕದಾಗೆ ನನ್ನ ಹೆಂಡ್ತಿ ಶೇಂಗಾ ಸುಲೀತಾ ಕುಂತವ್ಳೆ, ತಪ್ಪಿದ್ರೆ ಅವಳೇ ಹಿಡೀತಾಳೆ.

ಡೇರೆ ಟಾಕೀಸಿನಾಗೆ ಸಿನಿಮಾ ಮಿಷನ್ ಬಿಡೋನಿಗೆ ದಿನಾ ಒಂದು ರಗಳೆ ಇದ್ದಿದ್ದೇ. ನಮ್ಮ ಡೇರೆಗೆ ನಾನೊಬ್ನೇ ಆಪರೇಟರು, ಇನ್ನೊಬ್ರು ಮಿಷನ್ ಮುಟ್ಟಂಗಿರ್ಲಿಲ್ಲ. ಆದ್ರೆ ಒಂದು ಸಿನಿಮಾ ನೆನಸ್ಕಂಡ್ರೆ ಇವತ್ತಿಗೂ ಮೈ ಉರೀತೈತೆ. ಅದರ ರೀಲಿನ ಡಬ್ಬ ಚಿತ್ರದುರ್ಗದಿಂದ ಬಸ್ಸಿನ ಮೇಲೆ ಬಂತು. ಕತೆನೂ ಡೇರೆ ಟಾಕೀಸಿಂದೇ, ಹೀರೋನೂ ಆಪರೇಟರೇ. ಕೊನೇಗೆ ಅವನ ಸಿನಿಮಾ ಅರ್ಧಕ್ಕೆ ನಿಂತು, ಜನ ರೊಚ್ಚಿಗೆದ್ದು ಸುತ್ತುಗಟ್ತಾರೆ. ಯಾರೋ ಅವನ ಮಿಷನ್ ಕೋಣೆ ಬಾಗ್ಲು ದೂಕ್ತಾರೆ. ಹೀರೋ ನಮ್ಮ ಕಡೆ ತಿರುಗಿ ನೋಡ್ತಾನೆ. ಅಷ್ಟೇ, ಪರದೆ ಬೆಳ್ಳಗೆ. ಸತ್ನೋ, ಬದುಕಿದ್ನೋ ಗೊತ್ತಾಗಲ್ಲ. ‘ಶುಭಂ’ ಅಂತನೂ ಬರಲ್ಲ. ನಮ್ಮ ಜನ ಶುಭಂ ಕಾಣದೆ ಏಳೋ ಪೈಕಿನಾ? ತೆಗೆದೋನು ಮದ್ರಾಸಿನಾಗೆ ತಣ್ಣಗೆ ಮಲಗವ್ನೆ, ಒದೆ ತಿನ್ನೋನು ನಾನು.

ಹೊಸದುರ್ಗದಾಗೆ

ಒಬ್ರೂ ಏಳ್ಲಿಲ್ಲ. ಮತ್ತೋಡಿನ ರೈತನೊಬ್ಬ ಬಂದು ನನ್ನ ಕಾಲರ್ ಹಿಡ್ಕಂಡ.

"ಕೊನೇ ರೀಲು ಎಲ್ಲಿ ಬಚ್ಚಿಟ್ಟೀಯಲೇ?"

"ಮುಗೀತು ಕಣಪ್ಪ. ಹೀರೋ ಸತ್ತ."

"ಸಾಯೋನು ನಮ್ಮನ್ನ ಯಾಕೆ ನೋಡ್ದ?"

"ಇನ್ಯಾರನ್ನ ನೋಡ್ಬೇಕು? ಎದುರಿಗೆ ಕುಂತಿದ್ದೋರು ನೀವೇ ತಾನೇ."

ಅಷ್ಟಕ್ಕೇ ಹಗ್ಗ ಕೊಯ್ದ್ರು. ಡೇರೆ ಎಲ್ಲಾರ ಮೇಲೂ ಬಿತ್ತು. ಕತ್ಲಾಗೆ, ಬಟ್ಟೆ ಕೆಳಗಿಂದ, ಒಬ್ಬ ಮುದುಕಿ ಅಂದ್ಲು, "ಸುಮ್ನಿರ್ರಲೇ, ಕೊನೇ ರೀಲು ಈಗ ಬಂತು."

ಹಿರಿಯೂರಾಗೆ

"ಇನ್ನೊಂದು ಸಲ ಹಗ್ಗ ಕೊಯ್ದ್ರೆ ನೀನು ಮನೆಗೆ," ಅಂತ ಡೇರೆ ಮಾಲೀಕ ಕೂಗಾಡ್ದ. ನನಗೋ ಆಗ ತಾನೇ ಇವಳ ಜತೆ ಮದುವೆ ಗೊತ್ತಾಗಿತ್ತು. ಕೆಲಸ ಇಲ್ದೋನಿಗೆ ಹೆಣ್ಣು ಕೊಡಲ್ಲ ಅಂತ ಮಾವ ಮೊದ್ಲೇ ಹೇಳಿದ್ದ.

ಅದಕ್ಕೇ ಹಿರಿಯೂರಾಗೆ ನಾನು ಬಾಯಿ ಮುಚ್ಕಂಡಿದ್ದೆ. ಜನ ಅವರವರೇ ಜಗಳಕ್ಕೆ ಬಿದ್ರು. ಕಿರಾಣಿ ಸಾವ್ಕಾರ "ಸತ್ತ" ಅಂದ. ಆದಿವಾಲದ ಕುರಿಗಾರ ಯಜಮಾನ ಕಂಬ್ಳಿ ಒದರ್ಕಂಡು ಎದ್ದ.

"ಸಿನಿಮಾದಾಗೆ ಅವನ ಡೇರೆ ಹೊರಗೆ ನಾಯಿ ಕಟ್ಟಿದ್ರಲ್ಲ, ಬೊಗಳ್ತಾ? ಇಲ್ಲ. ನಾಯಿ ಬೊಗಳ್ಲಿಲ್ಲ ಅಂದ್ರೆ ಬಾಗ್ಲು ದೂಕಿದೋರು ಮನೆಯೋರು. ಹೆಂಡ್ತಿ ಬುತ್ತಿ ತಂದವ್ಳೆ. ಅವನು ಬದುಕವ್ನೆ, ನಡೀರಿ ಹೋಗಾಣ."

ಸಾವ್ಕಾರನೂ ತಲೆದೂಗಿ ಎದ್ದ. ಹಗ್ಗ ಉಳಿದ್ವು. ಮಾಲೀಕ ನನ್ನ ಹತ್ರ ಬಂದು ಹಲ್ಲು ಕಡಿದ, "ನಾಯಿ ಗಂಟ್ಲು ಹರ್ಯಂಗೆ ಬೊಗಳೈತೆ ಕಣಲೇ. ನಿನ್ನ ಸ್ಪೀಕರ್ ಸತ್ತಿತ್ತು."

ಹೊಳಲ್ಕೆರೆಯಾಗೆ

ಇಲ್ಲಿಗೆ ಮಾವನೇ ಬಂದ, ಅಳಿಯನ ಕೆಲಸ ಹೆಂಗೈತೆ ನೋಡಾಕೆ. ಸಿನಿಮಾ ಸುದ್ದಿ ಮೊದ್ಲೇ ಹಬ್ಬಿ, ಜನ ಟಿಕೀಟಿನ ಜತೆಗೆ ಕುಡುಗೋಲೂ ತಂದಿದ್ರು. ಅವರ ನಡುವೆ ಮಾವ ಕುಂತ. ಇವತ್ತು ಹಗ್ಗ ಕೊಯ್ದ್ರೆ ಮದುವೆನೂ ಕೊಯ್ದಂಗೆ.

ಹೀರೋ ತಿರುಗಿ ನೋಡಿದ್ದೇ ತಡ, ಅವನಂಥದ್ದೇ ಅಂಗಿ ಹಾಕ್ಕಂಡು ಪರದೆ ಮುಂದೆ ಹೋಗಿ ನಿಂತೆ. ಪರದೆಯಾಗಿನ ಹೀರೋ ಒಂದು ಹೆಜ್ಜೆ ಸರಿದು ಜಾಗ ಬಿಟ್ಟ.

"ಏನ್ರಪ್ಪ, ಸತ್ತಂಗೆ ಕಾಣ್ತೀನಾ? ನಿಮ್ಮಂಥೋರೇ ಬಂದಿದ್ರು, ಉಗಿದು ಕಳಿಸ್ದೆ. ಶುಭಂ. ಏಳ್ರಿ ಮೇಲೆ."

ಜನ ಕುಡುಗೋಲು ಕೆಳಗಿಟ್ಟು ಕೈ ಮುಗಿದ್ರು. ಮಾವ ಕಣ್ಣೊರೆಸ್ಕಂಡು "ಮಗಳನ್ನ ಇವನಿಗೇ ಕೊಡದು" ಅಂದ. ಪರದೆಯಾಗಿನ ಹೀರೋನೂ ಹೂಂ ಅಂತ ತಲೆ ಆಡಿಸ್ದ.

ಹೆಂಡ್ತಿ ಶೇಂಗಾ ಸುಲಿಯೋದು ನಿಲ್ಸಿದ್ಲು.

"ಅಲ್ಲ, ನೀನು ಪರದೆ ಮುಂದೆ ನಿಂತಾಗ ಮಿಷನ್ ಬಿಡ್ತಿದ್ದೋರು ಯಾರು?"

"ಮಿಷನ್ನಾ?"

"ಹೂಂ."

"ನಾನೇ ಕಣೆ, ಇನ್ಯಾರು."