ಮೊಣಕಾಲುದ್ದದ ಅಣೆಕಟ್ಟುಗಳು

ಮೇಟೂರಿನ ಕಡೆ ಒಂದು ಜಲ ಸಂಶೋಧನಾಲಯದಲ್ಲಿ ನಾನು ಎಂಜಿನಿಯರು. ಮರ್ಯಾದೆ ಹೋಗುವ ಪ್ರಸಂಗಗಳು ಅಲ್ಲಿ ಬೇರೆ ಯಾರನ್ನೂ ಕೇಳುವುದಿಲ್ಲ, ನೇರವಾಗಿ ನನ್ನ ಮೇಜಿಗೇ ಬರುತ್ತವೆ.

ಅಮ್ಮ ಬಂದದ್ದು

ಕೆಲಸ ಸಿಕ್ಕಾಗ ನಮ್ಮಮ್ಮ ನಮ್ಮೂರು ಕೊಳತ್ತೂರಿನಲ್ಲೆಲ್ಲ ಮಗ ಡ್ಯಾಂ ಕಟ್ಟುತ್ತಾನೆ ಎಂದು ಹೇಳಿಕೊಂಡು ಬಂದಳು. ಒಂದು ದಿನ ನೋಡಲೂ ಬಂದಳು. ದೊಡ್ಡ ಅಣೆಕಟ್ಟು ಕಟ್ಟುವ ಮೊದಲು ಪುಟ್ಟದೊಂದು ಮಾದರಿ ಕಟ್ಟಿ, ನೀರು ಹರಿಸಿ ನೋಡುವುದೇ ನಮ್ಮ ಕೆಲಸ ಎಂದು ವಿವರಿಸಿದೆ. ಮೊಣಕಾಲೆತ್ತರದ ಮಾದರಿಯನ್ನು ಅವಳು ಸುತ್ತು ಹಾಕಿ ನೋಡಿದಳು.

"ಕುರಿ ನೀರು ಕುಡಿಯಾಕೆ ಚೆಂದಾಗೈತೆ," ಎಂದಳು.

ಅಧಿಕಾರಿಯ ಶೂ

ಚೆನ್ನೈನಿಂದ ದೊಡ್ಡ ಅಧಿಕಾರಿಯೊಬ್ಬರು ಬಂದಿದ್ದರು. ಪ್ರವಾಹ ಬಂದಾಗ ಏನಾಗುತ್ತದೆಂದು ತೋರಿಸುವ ಉತ್ಸಾಹದಲ್ಲಿ ನಾನು ವಾಲ್ವನ್ನು ಪೂರ್ತಿ ತಿರುಗಿಸಿಬಿಟ್ಟೆ. ನೀರು ಮಾದರಿಯ ಮೇಲೆ ಹಾರಿ ಸೀದಾ ಅವರ ಶೂ ಒಳಗೆ ಹೋಯಿತು. ಇದು ಅಸಲಿಗಿಂತ ಎಷ್ಟು ಚಿಕ್ಕದು ಎಂದು ಅವರು ಶಾಂತವಾಗಿ ಕೇಳಿದರು. ನೂರನೇ ಒಂದು ಪಾಲು ಎಂದೆ.

"ಒಳ್ಳೇದಾಯ್ತು ತಂಬಿ. ಅಸಲಿಯಾಗಿದ್ದಿದ್ರೆ ನಾನೀಗ ಕೊಚ್ಕೊಂಡೋಗಿ ಭವಾನಿ ಊರು ದಾಟಿರ್ತಿದ್ದೆ."

ಸ್ಥಾಪಕರ ಪಟ

ಸಂಶೋಧನಾಲಯದ ವಾರ್ಷಿಕೋತ್ಸವಕ್ಕೆ ಅದರ ಚರಿತ್ರೆಯ ಪ್ರದರ್ಶನ ಮಾಡುವ ಜವಾಬ್ದಾರಿ ನನ್ನ ತಲೆಗೆ ಬಂತು. ಹಳೆಯ ಫೋಟೋ ಒಂದು ಸಿಕ್ಕಿತು. ಅದರಲ್ಲಿ ಎಲ್ಲರೂ ಬಗ್ಗಿ ಮೊದಲ ಮಾದರಿಗೆ ಇಟ್ಟಿಗೆ ಜೋಡಿಸುತ್ತಿದ್ದರೆ, ಒಬ್ಬರು ಮಾತ್ರ ಹ್ಯಾಟು, ಕಪ್ಪು ಕನ್ನಡಕ ಹಾಕಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಇಂಥ ಗತ್ತು ಮೊದಲ ಡೈರೆಕ್ಟರಿಗಲ್ಲದೆ ಇನ್ಯಾರಿಗೆ ಇರುತ್ತದೆ? ಯಾರನ್ನೂ ಕೇಳಲಿಲ್ಲ. ಅವರೊಬ್ಬರನ್ನೇ ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಗಂಧದ ಹಾರ ತೊಡಿಸಿ, ಮುಂದೆ ದೀಪವನ್ನೂ ಹಚ್ಚಿದೆ.

ನಿವೃತ್ತರನ್ನೆಲ್ಲ ಸಮಾರಂಭಕ್ಕೆ ಕರೆದಿದ್ದೆವು. ಅವರ ಜೊತೆ ಬಂದಿದ್ದ ಒಬ್ಬ ಅಜ್ಜಿ ಪಟದ ಮುಂದೆ ನಿಂತವರು ಅಲ್ಲಾಡಲೇ ಇಲ್ಲ. ಭಕ್ತಿ ಇರಬೇಕು ಎಂದುಕೊಂಡು ನಾನು ಹತ್ತಿರ ಹೋದೆ. ಇವರಿಗೆ ಹಾರ ಹಾಕಿದ್ದು ಯಾರು ಎಂದು ಕೇಳಿದರು. ನಾನೇ, ಇವರು ನಮ್ಮ ಸ್ಥಾಪಕರು, ತೀರಿಹೋಗಿ ಬಹಳ ವರ್ಷವಾಯಿತು ಎಂದು ತಲೆ ಬಾಗಿಸಿ ಹೇಳಿದೆ.

"ಅಲ್ಲಿ ಕಾಪಿ ಕುಡೀತಾ ಅವ್ರಲ್ಲಪ್ಪಾ," ಎಂದು ಅಜ್ಜಿ ತಮ್ಮ ಗಂಡನನ್ನು ತೋರಿಸಿದರು.

ಅವರು ಆ ಕಾಲದ ಜೀಪ್ ಡ್ರೈವರ್. ಹ್ಯಾಟು, ಕನ್ನಡಕ ಎರಡೂ ಡೈರೆಕ್ಟರದ್ದು, ಫೋಟೋಗೆಂದು ಇಸಿದುಕೊಂಡದ್ದು. ಫೋಟೋ ತೆಗೆದದ್ದೇ ಡೈರೆಕ್ಟರು!

ಹಾರ ತೆಗೆಯಲು ಕೈ ಚಾಚಿದೆ. ಅಜ್ಜ ನಿಧಾನವಾಗಿ ಬಂದು ನನ್ನ ಕೈ ಹಿಡಿದುಕೊಂಡರು.

"ಇರ್ಲಿ ಬುಡು ತಂಬಿ. ಬದುಕಿದ್ದಾಗ ಡ್ರೈವರ್ರಾಗೇ ರಿಟೈರ್ ಆದೆ. ಸತ್ತ ಮೇಲಾದ್ರೂ ಡೈರೆಕ್ಟರ್ ಆದ್ನಲ್ಲಾ."